ಕಲ್ಲೊಳಗಿನ ಶಂಕು, ಶಂಕುವಿನೊಳಗಿನ ಬೀಜಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪಳೆಯುಳಿಕೆ ಸಸ್ಯಗಳ ಶಂಕುಗಳನ್ನೂ ಅವುಗಳ ಬೀಜಕಗಳನ್ನೂ ವರ್ಣಿಸಿ ಹೊಸ ಪ್ರಭೇದಕ್ಕೆ ಹೆಸರಿಡುವ ಕೆಲಸದ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ. ಹೆಚ್ಚಿನವು ಕಲ್ಲಿದ್ದಲಾದ ಜೌಗುಕಾಡುಗಳಿದ್ದ ಕಾರ್ಬೊನಿಫೆರಸ್ ಕಾಲದ ಲೈಕೊಪ್ಸಿಡ್ (ಇಂದಿನ ಕ್ಲಬ್ ಮಾಸ್‌ಗಳ ಬಳಗ) ಮತ್ತು ಕ್ಯಾಲಮೈಟ್ (ಇಂದಿನ ಹಾರ್ಸ್‌ಟೇಲ್‌ಗಳ ಬಳಗ) ಸಸ್ಯಗಳಿಗೆ ಸಂಬಂಧಿಸಿದವು. ಶಂಕು ಎಂದರೆ ಬೀಜಕಚೀಲಗಳು ಒತ್ತಾಗಿ ಕೂಡಿರುವ ಕೋನ್, ಬೀಜಕ ಎಂದರೆ ಸ್ಪೋರ್, ಬೀಜಕಚೀಲ ಎಂದರೆ ಸ್ಪೊರಾಂಜಿಯಂ. ಬೀಜಕಗಳಲ್ಲಿ ಚಿಕ್ಕವು ಮೈಕ್ರೋಸ್ಪೋರ್, ದೊಡ್ಡವು ಮೆಗಾಸ್ಪೋರ್. ಬೀಜಕಚೀಲವನ್ನು ಹೊರುವ ಎಲೆಯನ್ನು ಸ್ಪೋರೊಫಿಲ್ ಎಂದೇ ಕರೆದಿದ್ದೇವೆ.

ಪ್ರಶ್ನೆ: ಶೇಲ್ ಕಲ್ಲಿನಲ್ಲಿ 9 ಸೆಂ.ಮೀ. ಉದ್ದದ ಲೈಕೊಪ್ಸಿಡ್ ಶಂಕು ಸಿಕ್ಕಿದೆ. ತುದಿ ಚೆನ್ನಾಗಿ ಉಳಿದಿದೆ, ಬುಡ ಮುರಿದುಹೋಗಿದೆ. ತುದಿಯ ಹತ್ತಿರದ ಒಂದು ಬೀಜಕಚೀಲದಿಂದ 30 ಮೈಕ್ರೊಮೀಟರ್ ಆಸುಪಾಸಿನ ಬೀಜಕಗಳು ಬಂದಿವೆ. ಲೆಪಿಡೊಸ್ಟ್ರೋಬಸ್ ಕುಲದ ಹೊಸ ಪ್ರಭೇದ ಎಂದು ಪ್ರಕಟಿಸಬಹುದೇ?

ಉತ್ತರ: ಈಗಲೇ ಬೇಡ. ನಿಮ್ಮ ಕೈಲಿರುವ ಪುರಾವೆ ಎರಡು ಕುಲಗಳಿಗೆ ಸಮನಾಗಿ ಹೊಂದುತ್ತದೆ.

ಲೆಪಿಡೊಸ್ಟ್ರೋಬಸ್ ಕುಲವನ್ನು ಬ್ರೋನ್ಯಾರ್ 1828ರಲ್ಲಿ ಸ್ಥಾಪಿಸಿದರು. ಆಮೇಲೆ ನೂರೈವತ್ತು ವರ್ಷ, ಮರಗಾತ್ರದ ಲೈಕೊಪ್ಸಿಡ್‌ಗಳ ಹೆಚ್ಚುಕಡಿಮೆ ಎಲ್ಲ ಶಂಕುಗಳೂ ಈ ಒಂದೇ ಹೆಸರಿನೊಳಗೆ ಹೋಗಿ ಸೇರಿದವು. 1983ರಲ್ಲಿ ಬ್ರ್ಯಾಕ್-ಹೇನ್ಸ್ ಮತ್ತು ಥಾಮಸ್ ಈ ಕುಲವನ್ನು ಮರುಪರಿಶೀಲಿಸಿ, ಮೈಕ್ರೋಸ್ಪೋರ್ ಮಾತ್ರ ಇರುವ ಶಂಕುಗಳಿಗೆ ಲೆಪಿಡೊಸ್ಟ್ರೋಬಸ್ ಎಂದೂ, ಮೈಕ್ರೋಸ್ಪೋರ್ ಮತ್ತು ಮೆಗಾಸ್ಪೋರ್ ಎರಡೂ ಇರುವ ಶಂಕುಗಳಿಗೆ ಫ್ಲೆಮಿಂಗೈಟಿಸ್ ಎಂದೂ ಗೆರೆ ಎಳೆದರು. ಫ್ಲೆಮಿಂಗೈಟಿಸ್‌ನಲ್ಲಿ ಮೈಕ್ರೋಸ್ಪೋರ್ ಚೀಲಗಳು ಶಂಕುವಿನ ಮೇಲುಭಾಗದಲ್ಲಿ, ಮೆಗಾಸ್ಪೋರ್ ಚೀಲಗಳು ಬುಡದಲ್ಲಿ ಇರುತ್ತವೆ. ಎರಡೂ ಕುಲಗಳ ಮೈಕ್ರೋಸ್ಪೋರ್‌ಗಳು ಲೈಕೊಸ್ಪೋರಾ ಬಗೆಯವೇ: ನಡುರೇಖೆಯ ಸುತ್ತ ದಪ್ಪ ಪಟ್ಟಿಯಿರುವ, ಸಾಮಾನ್ಯವಾಗಿ 20ರಿಂದ 40 ಮೈಕ್ರೊಮೀಟರ್ ಅಗಲದ ಸಣ್ಣ ಬೀಜಕಗಳು. ಹೀಗಾಗಿ ತುದಿಯ ಚೀಲ ಎಷ್ಟೇ ಚೆನ್ನಾಗಿರಲಿ, ಕುಲ ಯಾವುದು ಎಂದು ಅದು ಹೇಳಲಾರದು. ಆ ಉತ್ತರ ಇರುವುದು ಮುರಿದುಹೋದ ಬುಡದಲ್ಲಿ.

ಅದೇ ಪದರದಲ್ಲಿ ಅದೇ ಅಳತೆಯ ಬೇರೆ ಶಂಕುಗಳಿವೆಯೇ ಎಂದು ಮೊದಲು ಹುಡುಕಿ. ಬುಡ ಉಳಿದಿರುವ ಒಂದಾದರೂ ಸಿಕ್ಕರೆ ಅದನ್ನೇ ಹೋಲೋಟೈಪ್ (ಹೊಸ ಹೆಸರಿಗೆ ಆಧಾರವಾಗುವ ಮಾದರಿ) ಮಾಡಿ. ಸಿಗದಿದ್ದರೆ ಇದನ್ನು ಹೆಸರಿಡದೆ ವರ್ಣಿಸಿ, ಬುಡ ಉಳಿದಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಹೆಸರಿಲ್ಲದ ಒಳ್ಳೆಯ ವಿವರಣೆಯನ್ನು ಮುಂದೆ ಬರುವವರು ಬಳಸಿಕೊಳ್ಳುತ್ತಾರೆ. ಅನುಮಾನದ ಹೆಸರಾದರೆ ಅವರಿಗೆ ಅದನ್ನು ಬಿಡಿಸುವುದೇ ಒಂದು ಕೆಲಸವಾಗುತ್ತದೆ.

ಬುಡ ಸಿಕ್ಕಿದರೂ ಕಣ್ಣಳತೆಯನ್ನು ನಂಬಬೇಡಿ. 1865ರಲ್ಲಿ ಫ್ಲೆಮಿಂಗೈಟಿಸ್ ಕುಲವನ್ನು ಸ್ಥಾಪಿಸಿದ ಕರುದರ್ಸ್, ಸ್ಪೋರೊಫಿಲ್ ಮೇಲೆ ಕಂಡ ದುಂಡನೆಯ ಕಾಯಗಳನ್ನು ಪುಟ್ಟ ಬೀಜಕಚೀಲಗಳು ಎಂದುಕೊಂಡಿದ್ದರು. ಅವು ಮೆಗಾಸ್ಪೋರ್‌ಗಳು. ಮೆಗಾಸ್ಪೋರ್ ಬರಿಗಣ್ಣಿಗೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಯಂತೆ ಕಾಣುತ್ತದೆ. ಅದನ್ನು ಬಿಡಿಸಿ ತೆಗೆದು, ಮೇಲೆ ಮೂರು ಕವಲಿನ ಗುರುತಿದೆಯೇ ಎಂದು ನೋಡಿದ ಮೇಲಷ್ಟೇ ಮೆಗಾಸ್ಪೋರ್ ಎಂದು ಬರೆಯಿರಿ.

ಪ್ರಶ್ನೆ: ಆಸಿಡ್ ಹಾಕುವ ಮೊದಲು ಶಂಕುವಿನಲ್ಲಿ ಏನೇನು ಅಳೆದಿಟ್ಟುಕೊಳ್ಳಬೇಕು?

ಉತ್ತರ: ಮೊದಲು ಫೋಟೊ, ಆಮೇಲೆ ಅಳತೆ, ಕೊನೆಗೆ ಸೂಜಿ. ಬೀಜಕ ತೆಗೆದ ಜಾಗ ಮತ್ತೆ ಮೊದಲಿನಂತಾಗುವುದಿಲ್ಲ. ಕಲ್ಲು ಸೀಳಿದಾಗ ಬಂದ ಎರಡೂ ಹೋಳುಗಳನ್ನು ಇಟ್ಟುಕೊಳ್ಳಿ. ಒಂದರಲ್ಲಿ ಕಾಣದ ಬೀಜಕಚೀಲ ಇನ್ನೊಂದರಲ್ಲಿ ಅಂಟಿಕೊಂಡಿರುತ್ತದೆ. ಬೆಳಕನ್ನು ಎಡಗಡೆಯ ಮೇಲಿನಿಂದ ಓರೆಯಾಗಿ ಬಿಟ್ಟು ಒಂದು ಫೋಟೊ ತೆಗೆಯಿರಿ, ಉಬ್ಬುತಗ್ಗು ತೋರುತ್ತದೆ. ಬೆಳಕಿಗೂ ಲೆನ್ಸಿಗೂ ಪೋಲರೈಸಿಂಗ್ ಫಿಲ್ಟರ್ ಹಾಕಿ, ಒಂದಕ್ಕೊಂದು ಅಡ್ಡವಾಗಿ ತಿರುಗಿಸಿ ಇನ್ನೊಂದು ತೆಗೆಯಿರಿ. ಕಲ್ಲಿದ್ದಲಾಗಿ ಹೊಳೆಯುವ ಎಲೆಯ ಅಂಚು ಆಗ ಕಲ್ಲಿನ ಬಣ್ಣದಿಂದ ಬೇರೆಯಾಗಿ ನಿಲ್ಲುತ್ತದೆ. ಪ್ರತಿ ಫೋಟೊದಲ್ಲೂ ಅಳತೆಪಟ್ಟಿ ಇರಲಿ.

ಅಳತೆಗೆ ಬಂದರೆ, ಶಂಕುವಿನ ಉದ್ದ ಮತ್ತು ಅತಿ ಅಗಲ ಜಾಗದ ಅಗಲ ಬೇಕು. ಉದ್ದ ಪೂರ್ಣದ್ದೋ ಉಳಿದಷ್ಟರದ್ದೋ ಎಂಬುದನ್ನು ಬಿಟ್ಟುಬಿಡಬೇಡಿ. ನಡುಕಾಂಡದ ದಪ್ಪ ಬೇಕು. ಸ್ಪೋರೊಫಿಲ್‌ಗಳು ಸುರುಳಿಯಾಗಿ ಕೂತಿವೆಯೋ ಸುತ್ತುಸುತ್ತಾಗಿ ಕೂತಿವೆಯೋ ಎಂಬುದು ಬೇಕು. ಲೈಕೊಪ್ಸಿಡ್ ಶಂಕುವಿನಲ್ಲಿ ಒಂದು ಸ್ಪೋರೊಫಿಲ್ಲಿಗೆ ಎರಡು ಭಾಗ: ನಡುಕಾಂಡದಿಂದ ಹೊರಗೆ ಚಾಚಿದ ತೊಟ್ಟು, ಅದರ ತುದಿಯಲ್ಲಿ ಮೇಲಕ್ಕೆ ಬಾಗಿದ ಅಲಗು. ಎರಡನ್ನೂ ಬೇರೆಬೇರೆಯಾಗಿ ಅಳೆಯಿರಿ. ತೊಟ್ಟು ಕಾಂಡಕ್ಕೆ ಎಷ್ಟು ಡಿಗ್ರಿ ಕೋನದಲ್ಲಿದೆ, ಅಲಗು ಬಾಗುವಲ್ಲಿ ಕೆಳಕ್ಕೆ ಇಳಿದ ಹಿಮ್ಮಡಿಯಂಥ ಚಾಚು ಇದೆಯೇ, ಅಲಗಿನ ಅಂಚು ನುಣುಪೋ ಹಲ್ಲುಹಲ್ಲೋ ನೋಡಿ. ಬೀಜಕಚೀಲ ತೊಟ್ಟಿನ ಮೇಲ್ಮೈಯಲ್ಲಿ ಕೂತಿರುತ್ತದೆ; ಅದರ ಉದ್ದ ಎತ್ತರಗಳೂ ಬೇಕು. ಹತ್ತು ಸ್ಪೋರೊಫಿಲ್‌ಗಳನ್ನಾದರೂ ಅಳೆಯದೆ ‘ಸುಮಾರು’ ಎಂದು ಬರೆಯಬೇಡಿ.

ಕ್ಯಾಲಮೈಟ್ ಶಂಕುವಾದರೆ ನೋಡಬೇಕಾದ ಜಾಗವೇ ಬೇರೆ. ಅಲ್ಲಿ ಬರಿಯ ಎಲೆಗಳ ಒಂದು ಸುತ್ತು, ಬೀಜಕಚೀಲ ಹೊತ್ತ ಕಡ್ಡಿಗಳ ಒಂದು ಸುತ್ತು ಒಂದಾದ ಮೇಲೆ ಒಂದು ಬರುತ್ತವೆ. ಆ ಕಡ್ಡಿ ಎರಡು ಎಲೆಸುತ್ತುಗಳ ನಡುಮಧ್ಯೆ ಹೊರಟಿದ್ದರೆ ಕ್ಯಾಲಮೊಸ್ಟಾಕಿಸ್, ಎಲೆಯ ಕಂಕುಳಲ್ಲೇ ಹೊರಟಿದ್ದರೆ ಪೇಲಿಯೊಸ್ಟಾಕಿಯಾ. ಚಪ್ಪಟೆಯಾದ ಶಂಕುವಿನಲ್ಲಿ ಕಡ್ಡಿ ಜಾರಿ ಓರೆಯಾಗಿರುವುದು ಸಾಮಾನ್ಯ. ಆದ್ದರಿಂದ ಒಂದೇ ಗೆಣ್ಣು ನೋಡಿ ಕುಲ ನಿರ್ಧರಿಸಬೇಡಿ.

ಪ್ರಶ್ನೆ: ಬೀಜಕಗಳನ್ನು ಬಿಡಿಸಿ ತೆಗೆಯುವ ವಿಧಾನವನ್ನು ಹಂತಹಂತವಾಗಿ ತಿಳಿಸಿ.

ಉತ್ತರ: ಈ ಕೆಲಸ ಹೊಗೆಗೂಡು (ಫ್ಯೂಮ್ ಹುಡ್) ಇರುವ ಪ್ರಯೋಗಾಲಯದಲ್ಲಿ, ತರಬೇತಿ ಪಡೆದವರ ಎದುರಲ್ಲೇ ಆಗಬೇಕು. ಮನೆಯಲ್ಲಿ ಮಾಡುವಂಥದ್ದು ಖಂಡಿತ ಅಲ್ಲ.

ಶಂಕುವನ್ನು ಬುಡ, ನಡು, ತುದಿ ಎಂದು ಮೂರು ಭಾಗವಾಗಿ ಮನಸ್ಸಿನಲ್ಲಿ ಗುರುತಿಸಿಕೊಳ್ಳಿ. ಒಂದೊಂದು ಭಾಗದಿಂದ ಕನಿಷ್ಠ ಎರಡು ಬೀಜಕಚೀಲ ಆರಿಸಿ. ಸ್ಟೀರಿಯೊ ಮೈಕ್ರೊಸ್ಕೋಪಿನ ಕೆಳಗೆ, ಒದ್ದೆ ಮಾಡಿದ ಸೂಜಿಮೊನೆಯಿಂದ ಒಂದು ಚದರ ಮಿಲಿಮೀಟರಿನಷ್ಟು ಕಲ್ಲಿದ್ದಲ ಚೂರನ್ನು ಎಬ್ಬಿಸಿ. ಅಷ್ಟರಲ್ಲೇ ನೂರಾರು ಮೈಕ್ರೋಸ್ಪೋರ್‌ಗಳು ಇರುತ್ತವೆ, ಹೆಚ್ಚು ಕೆರೆಯಬೇಡಿ. ಯಾವ ಚೂರು ಎಲ್ಲಿಂದ ಬಂತು ಎಂದು ಫೋಟೊದ ಪ್ರಿಂಟಿನ ಮೇಲೆ ಆಗಲೇ ಗುರುತು ಹಾಕಿ, ಬಾಟಲಿಗೂ ಅದೇ ಸಂಖ್ಯೆ ಬರೆಯಿರಿ.

ಚೂರಿಗೆ ಕಲ್ಲು ಅಂಟಿಲ್ಲದಿದ್ದರೆ ನೇರವಾಗಿ ಆಕ್ಸಿಡೀಕರಣಕ್ಕೆ ಹೋಗಿ. ಕಲ್ಲು ಅಂಟಿದ್ದು ಅದರಲ್ಲಿ ಸುಣ್ಣದ ಅಂಶವಿದ್ದರೆ ಮೊದಲು ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಗುಳ್ಳೆ ನಿಲ್ಲುವ ತನಕ ಇಡಿ, ತೊಳೆಯಿರಿ. ಸಿಲಿಕೇಟ್ ಕರಗಿಸಲು ಬೇಕಾಗುವ ಹೈಡ್ರೊಫ್ಲೋರಿಕ್ ಆಮ್ಲ ಆಮೇಲಿನದು. ಈ ಕ್ರಮ ತಪ್ಪಿದರೆ ಸುಣ್ಣವೂ ಫ್ಲೋರಿನ್ನೂ ಸೇರಿ ಕ್ಯಾಲ್ಸಿಯಂ ಫ್ಲೋರೈಡ್ ಹರಳುಗಟ್ಟಿ ಬೀಜಕಗಳನ್ನು ಮುಚ್ಚಿಬಿಡುತ್ತದೆ. ಹೈಡ್ರೊಫ್ಲೋರಿಕ್ ಆಮ್ಲ ಗಾಜನ್ನೂ ತಿನ್ನುತ್ತದೆ, ಪ್ಲಾಸ್ಟಿಕ್ ಪಾತ್ರೆಯೇ ಬೇಕು. ಚರ್ಮಕ್ಕೆ ತಾಗಿದಾಗ ಉರಿ ತಡವಾಗಿ ಬರಬಹುದು, ಅಷ್ಟರಲ್ಲಿ ಅದು ಒಳಗಿಳಿದು ಮೈಯ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡಿರುತ್ತದೆ. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟಕುವಂತೆ ಇರದ ಕೋಣೆಯಲ್ಲಿ ಆ ಬಾಟಲಿಯನ್ನು ತೆರೆಯಲೇಬಾರದು.

ಆಕ್ಸಿಡೀಕರಣಕ್ಕೆ ಶುಲ್ಟ್ಸೆ ದ್ರಾವಣ. ವಾಚ್‌ಗ್ಲಾಸಿನಲ್ಲಿ ಎರಡು ಮೂರು ಮಿ.ಲೀ. ಪ್ರಬಲ ನೈಟ್ರಿಕ್ ಆಮ್ಲ, ಅದಕ್ಕೆ ಪೊಟ್ಯಾಸಿಯಂ ಕ್ಲೋರೇಟಿನ ಕೆಲವೇ ಹರಳು. ಒಣ ಕ್ಲೋರೇಟನ್ನು ಕಾಗದ, ಹತ್ತಿ, ಸ್ಪಿರಿಟ್ ಇವುಗಳ ಹತ್ತಿರ ಇಡಬೇಡಿ, ಅರೆಯಬೇಡಿ, ಸಲ್ಫ್ಯೂರಿಕ್ ಆಮ್ಲದ ಜೊತೆ ಸೇರಿಸಲೇಬೇಡಿ. ಅದು ಸಿಡಿಯುವ ವಸ್ತು. ಚೂರು ಕಪ್ಪಿನಿಂದ ಕಂದಿಗೆ, ಕಂದಿನಿಂದ ಜೇನಿನ ಬಣ್ಣಕ್ಕೆ ತಿರುಗಬೇಕು. ಇದಕ್ಕೆ ಕೆಲವು ಗಂಟೆಯೂ ಹಿಡಿಯಬಹುದು, ಎರಡು ದಿನವೂ ಹಿಡಿಯಬಹುದು. ಕಲ್ಲಿದ್ದಲು ನೆಲದಡಿ ಎಷ್ಟು ಬೆಂದಿದೆ ಎಂಬುದರ ಮೇಲೆ ಹೋಗುತ್ತದೆ. ಗಡಿಯಾರ ನೋಡಬೇಡಿ, ಬಣ್ಣ ನೋಡಿ.

ಬಣ್ಣ ಬಂದ ಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಲಿಟ್ಮಸ್ ಬಣ್ಣ ಬದಲಾಗುವುದು ನಿಲ್ಲುವ ತನಕ ತೊಳೆಯಿರಿ. ಪ್ರತಿ ಸಲವೂ ಇಪ್ಪತ್ತು ನಿಮಿಷ ತಳಕ್ಕೆ ಕೂರಲು ಬಿಟ್ಟು, ಮೇಲಿನ ನೀರನ್ನು ಮಾತ್ರ ಪಿಪೆಟಿನಿಂದ ತೆಗೆಯಿರಿ. ಆಮೇಲೆ ನೂರು ಮಿ.ಲೀ. ನೀರಿಗೆ ಐದು ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕರಗಿಸಿದ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಕಂದು ಬಣ್ಣ ಹೊಗೆಯಂತೆ ಚೂರಿನಿಂದ ಹೊರಡುವುದು ಮೈಕ್ರೊಸ್ಕೋಪಿನಲ್ಲಿ ಕಾಣುತ್ತದೆ. ಗೋಡೆ ಸಡಿಲಾಗಿ ಬೀಜಕಗಳು ಬಿಡಿಬಿಡಿಯಾಗಲು ಶುರುವಾದ ಕೂಡಲೇ ನೀರು ಸುರಿದು ನಿಲ್ಲಿಸಿ. ಮೆಗಾಸ್ಪೋರ್‌ಗಳನ್ನು 125 ಮೈಕ್ರೊಮೀಟರ್ ಜರಡಿಯಲ್ಲಿ ಹಿಡಿದು, ಕಡ್ಡಿಯ ತುದಿಗೆ ಒಂದು ರೆಪ್ಪೆಗೂದಲು ಅಂಟಿಸಿಕೊಂಡು ಒಂದೊಂದಾಗಿ ಎತ್ತಿ. ಇಕ್ಕಳ ಹಾಕಿದರೆ ಒಡೆಯುತ್ತವೆ.

ಬಿಡಿಸಿದ್ದರಲ್ಲಿ ಅರ್ಧವನ್ನು ಗ್ಲಿಸರಿನ್ ಜೆಲ್ಲಿಯಲ್ಲಿ ಸ್ಲೈಡ್ ಮಾಡಿ, ಉಳಿದರ್ಧವನ್ನು ಸ್ಟಬ್ (ಮಾದರಿ ಕೂರಿಸುವ ಲೋಹದ ಬಿಲ್ಲೆ) ಮೇಲಿನ ಕಾರ್ಬನ್ ಟೇಪಿಗೆ ಒಣಗಿಸಿ, ಚಿನ್ನದ ತೆಳು ಲೇಪ ಕೊಟ್ಟು ಎಲೆಕ್ಟ್ರಾನ್ ಮೈಕ್ರೊಸ್ಕೋಪಿಗೆ ಇಡಿ. ಎರಡೂ ಬೇಕು. ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ಮೇಲ್ಮೈಯ ಕಸೂತಿಯನ್ನು ತೋರಿಸುತ್ತದೆ, ಗೋಡೆಯ ದಪ್ಪ ತೋರುವುದು ಬೆಳಕು ಹಾಯುವ ಸ್ಲೈಡಿನಲ್ಲಿ. ಹಿಂದಿನವರ ವಿವರಣೆಗಳಲ್ಲಿ ಬಹುಪಾಲು ಸ್ಲೈಡ್ ನೋಡಿ ಬರೆದವು, ಅವುಗಳ ಜೊತೆ ಹೋಲಿಸಬೇಕೆಂದರೆ ನಿಮ್ಮಲ್ಲೂ ಸ್ಲೈಡ್ ಇರಬೇಕು.

ಪ್ರಶ್ನೆ: ಕ್ಷಾರಕ್ಕೆ ಹಾಕಿದ ಎರಡೇ ನಿಮಿಷದಲ್ಲಿ ಬೀಜಕಗಳು ಉಬ್ಬಿ, ಮಸುಕಾಗಿ, ಕಾಣದೇ ಹೋದವು. ಅದೇ ಶಂಕುವಿನ ಇನ್ನೊಂದು ಚೂರು ಮೂರು ದಿನವಾದರೂ ಕಪ್ಪಾಗಿಯೇ ಇದೆ. ಎಲ್ಲಿ ತಪ್ಪಾಯಿತು?

ಉತ್ತರ: ಮೊದಲನೆಯದು ಆಕ್ಸಿಡೀಕರಣ ಅತಿಯಾದದ್ದರ ಗುರುತು. ಬೀಜಕದ ಗೋಡೆಯಲ್ಲಿರುವ ಸ್ಪೊರೊಪೊಲೆನಿನ್ ಎಂಬ ವಸ್ತು ಆಮ್ಲಗಳಿಗೆ ಜಗ್ಗುವುದಿಲ್ಲ, ಆಕ್ಸಿಡೀಕರಣಕ್ಕೆ ಮಾತ್ರ ಸೋಲುತ್ತದೆ. ನೈಟ್ರಿಕ್ ಆಮ್ಲದಲ್ಲಿ ಹೆಚ್ಚು ಹೊತ್ತು ಇದ್ದ ಗೋಡೆ ನೋಡಲು ಗಟ್ಟಿಯಾಗಿಯೇ ಇರುತ್ತದೆ, ಕ್ಷಾರ ಬಿದ್ದ ತಕ್ಷಣ ಕರಗುತ್ತದೆ. ಮುಂದಿನ ಸಲ ಕಂದು ಬಣ್ಣಕ್ಕೇ ನಿಲ್ಲಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಬದಲು ದುರ್ಬಲ ಅಮೋನಿಯಾ ಬಳಸಿ. ಅದು ನಿಧಾನ, ಹಾಗಾಗಿ ನಿಲ್ಲಿಸಲು ಸಮಯ ಸಿಗುತ್ತದೆ. ಹೀಗೆ ಉಬ್ಬಿದ ಬೀಜಕಗಳ ಅಳತೆಯನ್ನು ಪಟ್ಟಿಗೆ ಸೇರಿಸಬೇಡಿ.

ಕಪ್ಪಾಗಿಯೇ ಉಳಿದದ್ದಕ್ಕೆ ಎರಡು ಕಾರಣ ಇರಬಹುದು. ಚೂರು ದಪ್ಪವಾಗಿದ್ದು ದ್ರಾವಣ ಒಳಗೆ ಇಳಿದಿಲ್ಲದಿದ್ದರೆ ಒಡೆದು ಚಿಕ್ಕದು ಮಾಡಿ, ಹೊಸ ದ್ರಾವಣ ಹಾಕಿ. ಶಂಕು ಇದ್ದಿಲಾಗಿ ಉಳಿದಿದ್ದರೆ, ಅಂದರೆ ಹಿಂದೆ ಬೆಂಕಿಯಲ್ಲಿ ಸುಟ್ಟದ್ದಾಗಿದ್ದರೆ, ಅದು ಎಷ್ಟು ದಿನ ಇಟ್ಟರೂ ಬಣ್ಣ ಬಿಡುವುದಿಲ್ಲ. ಸೂಜಿಯಿಂದ ಮುಟ್ಟಿ ನೋಡಿ: ರೇಷ್ಮೆಯ ಹೊಳಪು, ಪುಡಿಪುಡಿಯಾಗಿ ಮುರಿಯುವ ಗುಣ ಇದ್ದರೆ ಇದ್ದಿಲು. ಅದನ್ನು ಆಸಿಡ್ಡಿಗೆ ಹಾಕದೆ ಮುರಿದ ಮೈಯನ್ನೇ ನೇರವಾಗಿ ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ನೋಡಿ.

ಪ್ರಶ್ನೆ: ಸಿಕ್ಕ ಬೀಜಕಗಳು ಆ ಶಂಕುವಿನವೇ ಎಂದು ಸಾಬೀತು ಮಾಡುವುದು ಹೇಗೆ? ಹೊರಗಿಂದ ಬಂದು ಅಂಟಿರಬಹುದಲ್ಲ?

ಉತ್ತರ: ಅಂಟಿರಬಹುದು, ಅಂಟಿರುತ್ತವೆ ಕೂಡ. ಆ ಕಾಲದ ಜೌಗಿನಲ್ಲಿ ಗಾಳಿಯೂ ನೀರೂ ಬೀಜಕಮಯ. ಬಿದ್ದ ಶಂಕುವಿನ ಸಂದುಗಳಲ್ಲಿ ಪಕ್ಕದ ಮರದ ಬೀಜಕ ಸೇರದೇ ಇದ್ದರೆ ಆಶ್ಚರ್ಯ.

ಶಂಕುವಿನಿಂದ ಎರಡು ಮೂರು ಸೆಂ.ಮೀ. ದೂರದ, ಅದೇ ಪದರದ ಬರಿಯ ಕಲ್ಲಿನ ಚೂರನ್ನು ತೆಗೆದು ಅದನ್ನೂ ಅದೇ ದ್ರಾವಣಗಳಲ್ಲಿ ಹಾಯಿಸಿ. ಅದರಲ್ಲಿ ಏನೇನು ಬೀಜಕ ಬರುತ್ತದೋ ಅದು ಹೊರಗಿನ ಸರಕು. ಚೀಲದೊಳಗಿನ ಬೀಜಕಗಳ ನಡತೆಯೇ ಬೇರೆ. ನೂರಾರು ಒಂದೇ ಬಗೆಯವು ಒತ್ತಾಗಿ ಗಡ್ಡೆಗಟ್ಟಿರುತ್ತವೆ, ಗಡ್ಡೆಯ ಅಂಚಿನಲ್ಲಿ ಚೀಲದ ಗೋಡೆಯ ಜೀವಕೋಶಗಳು ಅಂಟಿರುತ್ತವೆ, ಕೆಲವು ಇನ್ನೂ ನಾಲ್ಕುನಾಲ್ಕಾಗಿ ಕೂಡಿಕೊಂಡೇ ಇರುತ್ತವೆ. ಆ ಗಡ್ಡೆಯನ್ನು ಪೂರ್ತಿ ಬಿಡಿಸುವ ಮೊದಲೇ ಫೋಟೊ ತೆಗೆದಿಡಿ. ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಬಿಡಿಯಾದ ಮೂರು ನಾಲ್ಕು ಬೀಜಕ ಮಾತ್ರ ಸಿಕ್ಕಿದ್ದರೆ ಅವು ಶಂಕುವಿನವು ಎಂದು ಬರೆಯಬೇಡಿ.

ಪ್ರಶ್ನೆ: ಒಂದೇ ಶಂಕುವಿನಲ್ಲಿ ಎರಡು ಬಗೆಯ ಮೈಕ್ರೋಸ್ಪೋರ್ ಸಿಕ್ಕಿವೆ. ತುದಿಯವು ಚಿಕ್ಕವು, ನುಣುಪಾದವು. ಬುಡದ ಕಡೆಯವು ದೊಡ್ಡವು, ಹರಳುಹರಳು ಮೈಯವು. ಎಷ್ಟು ಬೀಜಕ ಅಳೆದರೆ ಸಾಕು?

ಉತ್ತರ: ಎರಡು ಬಗೆ ಅನ್ನುವ ಮೊದಲು, ಒಂದೇ ಬಗೆಯ ಎಳೆಯವೂ ಬಲಿತವೂ ಇರಬಹುದೇ ಎಂದು ಕೇಳಿಕೊಳ್ಳಿ. ಶಂಕುವಿನ ಎಲ್ಲ ಚೀಲಗಳೂ ಒಂದೇ ದಿನ ಬಲಿಯುವುದಿಲ್ಲ. ಬುಡದವು ಮುಂಚೆ ಬೆಳೆದು ತುದಿಯವು ಹಿಂದೆ ಉಳಿದಿರುವುದು ಸಹಜ. ಎಳೆಯ ಬೀಜಕದ ಗೋಡೆ ತೆಳು, ಗಾತ್ರ ಚಿಕ್ಕದು, ಮೇಲಿನ ಅಲಂಕಾರ ಇನ್ನೂ ಮೂಡಿರುವುದಿಲ್ಲ. ನಡುಭಾಗದ ಚೀಲಗಳಲ್ಲಿ ಎರಡರ ನಡುವಿನ ರೂಪಗಳು ಸಿಕ್ಕರೆ ಪ್ರಶ್ನೆ ಅಲ್ಲಿಗೇ ಬಗೆಹರಿಯುತ್ತದೆ. ಮೂರೂ ಭಾಗಗಳಿಂದ ತೆಗೆಯಿರಿ ಎಂದು ಮೇಲೆ ಒತ್ತಿ ಹೇಳಿದ್ದಕ್ಕೆ ಇದೂ ಕಾರಣ. ಬಿಡಿಯಾಗಿ ಕಲ್ಲಿನಲ್ಲಿ ಸಿಕ್ಕಿದ್ದರೆ ಇವೇ ಎಳೆಯವು ಬಲಿತವು ಎರಡು ಬೇರೆ ಪ್ರಭೇದಗಳ ಹೆಸರು ಪಡೆಯುತ್ತಿದ್ದವು.

ಹೆಸರು ತಪ್ಪಿಹೋಗಲು ನಮ್ಮ ಆಸಿಡ್ಡೂ ಸಾಕು. ಕೆಲವು ಕ್ಯಾಲಮೈಟ್ ಶಂಕುಗಳ ಬೀಜಕಕ್ಕೆ ಸುತ್ತಿಕೊಂಡ ಮೂರು ರಿಬ್ಬನ್ನುಗಳಿರುತ್ತವೆ. ಅಂಥ ಬೀಜಕವನ್ನು ವಿಲ್ಸನ್ 1943ರಲ್ಲಿ ಎಲಟರೈಟಿಸ್ ಎಂದು ಹೆಸರಿಸಿದರು. ದ್ರಾವಣದಲ್ಲಿ ಹೆಚ್ಚು ಹೊತ್ತು ಇಟ್ಟರೆ ರಿಬ್ಬನ್ನುಗಳು ಕಳಚುತ್ತವೆ. ಉಳಿಯುವುದು ತೆಳುಗೋಡೆಯ, ಮಡಿಕೆ ಬಿದ್ದ ದುಂಡು ಬೀಜಕ, ಅದನ್ನು ನೋಡಿದವರು ಕ್ಯಾಲಮೊಸ್ಪೋರಾ ಅನ್ನುತ್ತಾರೆ. ಆದ್ದರಿಂದ ಕ್ಯಾಲಮೈಟ್ ಶಂಕುವಾದರೆ ಒಂದು ಚೂರನ್ನು ಆಸಿಡ್ ಮುಟ್ಟಿಸದೆ ನೋಡಿ.

ಎಣಿಕೆಗೆ: ಮೈಕ್ರೋಸ್ಪೋರ್ ಕನಿಷ್ಠ ಐವತ್ತು, ಸಾಧ್ಯವಾದರೆ ನೂರು. ಒಂದೊಂದು ಚೀಲದ್ದೂ ಬೇರೆ ಬೇರೆ ಪಟ್ಟಿಯಲ್ಲಿರಲಿ. ಅತಿ ಚಿಕ್ಕದು, ಸರಾಸರಿ, ಅತಿ ದೊಡ್ಡದು, ಎಷ್ಟು ಅಳೆದಿರಿ ಎಂಬ ಸಂಖ್ಯೆ, ಈ ನಾಲ್ಕೂ ಬೇಕು. ಮೆಗಾಸ್ಪೋರ್ ಅಷ್ಟು ಸಿಗುವುದಿಲ್ಲ. ಎಂಟು ಸಿಕ್ಕಿದ್ದರೆ ಎಂಟು ಎಂದೇ ಬರೆಯಿರಿ. ಗ್ಲಿಸರಿನ್ ಜೆಲ್ಲಿಯಲ್ಲಿ ಬೀಜಕ ಕಾಲಕ್ರಮೇಣ ಉಬ್ಬುತ್ತದೆ. ಹಾಗಾಗಿ ಸ್ಲೈಡ್ ಮಾಡಿದ ಕೆಲ ದಿನಗಳಲ್ಲೇ ಅಳೆಯಿರಿ, ಯಾವುದರಲ್ಲಿ ಕೂರಿಸಿದ್ದಿರಿ ಎಂಬುದನ್ನೂ ಬರೆಯಿರಿ.

ವಿವರಣೆಯಲ್ಲಿ ಇವು ತಪ್ಪಬಾರದು: ಮೇಲಿನಿಂದ ನೋಡಿದಾಗ ಹೊರ ಅಂಚು ದುಂಡೋ ತ್ರಿಕೋನವೋ, ಮೂರು ಕವಲಿನ ಗುರುತಿನ ತೋಳುಗಳು ತ್ರಿಜ್ಯದ ಎಷ್ಟು ಪಾಲು ಉದ್ದ, ನೇರವೋ ಡೊಂಕೋ, ತುಟಿಯಂತೆ ಎದ್ದಿವೆಯೋ, ನಡುಪಟ್ಟಿ ಇದ್ದರೆ ಅದರ ಅಗಲ, ಗೋಡೆಯ ದಪ್ಪ. ಗುರುತಿರುವ ಮೈಯ ಅಲಂಕಾರವನ್ನೂ ಅದರ ಬೆನ್ನಿನ ಅಲಂಕಾರವನ್ನೂ ಪ್ರತ್ಯೇಕವಾಗಿ ಬರೆಯಿರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಮುಳ್ಳು ಇರುವುದುಂಟು. ಫ್ಲೆಮಿಂಗೈಟಿಸ್‌ನಂಥ ಶಂಕುಗಳ ಮೆಗಾಸ್ಪೋರ್‌ಗಳಲ್ಲಿ ಗುರುತಿನ ಮೇಲೆ ಹೂಜಿಯ ಕತ್ತಿನಂಥ ಉಬ್ಬು ಇರುತ್ತದೆ. ಅದಿರುವ ಬೀಜಕ ಕಲ್ಲಿನ ಭಾರಕ್ಕೆ ಪಕ್ಕಕ್ಕೆ ಮಲಗಿ ಚಪ್ಪಟೆಯಾಗುತ್ತದೆ. ಅದರ ಎತ್ತರವನ್ನು ವ್ಯಾಸವೆಂದು ಅಳೆದುಬಿಡಬೇಡಿ.

ಪ್ರಶ್ನೆ: ಶಂಕುವಿಗೆ ಹೊಸ ಹೆಸರು ಕೊಡುತ್ತಿದ್ದೇನೆ. ಬೀಜಕಕ್ಕೂ ಒಂದು ಹೊಸ ಹೆಸರು ಕೊಡಬೇಕೇ?

ಉತ್ತರ: ಬೇಡ. ಶಂಕುವಿನೊಳಗೆ ಸಿಕ್ಕ ಬೀಜಕ ಆ ಶಂಕುವಿನ ಒಂದು ಅಂಗ, ಅದರ ವಿವರ ಶಂಕುವಿನ ವಿವರಣೆಯೊಳಗೇ ಬರುತ್ತದೆ. ಬಿಡಿಯಾಗಿ ಸಿಕ್ಕ ಬೀಜಕಗಳಿಗಾಗಿ ಇರುವ ಕುಲ, ಪ್ರಭೇದಗಳಲ್ಲಿ ಯಾವುದಕ್ಕೆ ಹೋಲುತ್ತದೆ ಎಂದು ಒಂದು ಪ್ಯಾರಾದಲ್ಲಿ ಹೋಲಿಸಿ ಬರೆದರೆ ಸಾಕು.

ಪ್ರಶ್ನೆ: ನನ್ನ ಶಂಕುವಿನ ಬೀಜಕ, ಹೆಸರಿರುವ ಇನ್ನೊಂದು ಶಂಕುವಿನ ಬೀಜಕದ ಹಾಗೆಯೇ ಇದೆ. ಹಾಗಾದರೆ ಎರಡೂ ಒಂದೇ ಪ್ರಭೇದವೇ?

ಉತ್ತರ: ಆಗಬೇಕೆಂದಿಲ್ಲ. ಲೈಕೊಸ್ಪೋರಾದ ಒಂದೇ ಬಗೆಯ ಬೀಜಕವನ್ನು ಹಲವು ಬೇರೆ ಶಂಕುಗಳು ಕೊಡುತ್ತವೆ. ಬೀಜಕ ಒಂದೇ ಇದ್ದು, ಸ್ಪೋರೊಫಿಲ್ಲಿನ ಆಕಾರ, ತೊಟ್ಟಿನ ಕೋನ, ಚೀಲದ ಅಳತೆ ಮೂರೂ ಬೇರೆಯಾಗಿ, ನಡುವಿನ ರೂಪಗಳು ಸಿಗದಿದ್ದರೆ ಅದು ಬೇರೆ ಪ್ರಭೇದ. ಶಂಕು ಒಂದೇ ಥರ ಇದ್ದು ಬಲಿತ ಬೀಜಕದ ಅಲಂಕಾರ ಸ್ಪಷ್ಟವಾಗಿ ಬೇರೆ ಇದ್ದರೂ ಅಷ್ಟೇ. ಬರಿಯ ಉದ್ದ ಅಗಲದ ವ್ಯತ್ಯಾಸ ಮಾತ್ರ ಇದ್ದರೆ ನಾವಂತೂ ಹೊಸ ಹೆಸರು ಕೊಡುವುದಿಲ್ಲ. ಒಂದೇ ಮರದ ಎಳೆಯ ಶಂಕುವೂ ಬಲಿತ ಶಂಕುವೂ ಅಷ್ಟು ವ್ಯತ್ಯಾಸವಾಗುತ್ತವೆ. ಹೋಲಿಸುವಾಗ ಹಿಂದಿನವರ ಚಿತ್ರವನ್ನಷ್ಟೇ ನೆಚ್ಚಬೇಡಿ, ಸಾಧ್ಯವಾದರೆ ಅವರ ಹೋಲೋಟೈಪನ್ನೂ ಸ್ಲೈಡನ್ನೂ ತರಿಸಿ ಅಥವಾ ಹೋಗಿ ನೋಡಿ.

ಪ್ರಶ್ನೆ: ಕೋಲ್ ಬಾಲ್ (ಕಲ್ಲಿದ್ದಲ ಪದರದಲ್ಲಿ ಸಿಗುವ ಕಲ್ಲಿನ ಉಂಡೆ) ಒಳಗೆ ಸುಣ್ಣಕಲ್ಲಾಗಿ ಉಳಿದ ಶಂಕು ಇದೆ. ಅದನ್ನೂ ಹೀಗೆಯೇ ಕರಗಿಸಬೇಕೇ?

ಉತ್ತರ: ಕರಗಿಸಬೇಡಿ. ಜೀವಕೋಶಗಳೇ ಉಳಿದಿರುವ ಅಂಥ ಶಂಕುವಿಗೆ ಅಸಿಟೇಟ್ ಪೀಲ್ ವಿಧಾನ ಇದೆ. ಜಾಯ್, ವಿಲಿಸ್ ಮತ್ತು ಲೇಸಿ 1956ರಲ್ಲಿ ಪ್ರಕಟಿಸಿದ ಈ ಬೇಗದ ವಿಧಾನವೇ ಇಂದಿಗೂ ನಡೆಯುತ್ತಿದೆ. ಕಲ್ಲನ್ನು ಗರಗಸದಲ್ಲಿ ಕೊಯ್ದು, ಮೈಯನ್ನು ಗಾಜಿನ ಹಲಗೆಯ ಮೇಲೆ 400, ಆಮೇಲೆ 600 ನಂಬರಿನ ಕಾರ್ಬೊರಂಡಂ ಪುಡಿಯಲ್ಲಿ ಉಜ್ಜಿ. ಶೇಕಡಾ 5ರ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 15ರಿಂದ 30 ಸೆಕೆಂಡ್ ಮುಳುಗಿಸಿದರೆ ಸುಣ್ಣ ಕೂದಲೆಳೆಯಷ್ಟು ಕೆಳಗಿಳಿದು ಸಸ್ಯದ ಗೋಡೆಗಳು ಮೇಲೆ ನಿಲ್ಲುತ್ತವೆ. ನೀರಿನಲ್ಲಿ ಮೆಲ್ಲಗೆ ಅದ್ದಿ ತೊಳೆದು ಒಣಗಿಸಿ. ಬೆರಳು ತಾಗಿದರೆ ಆ ಗೋಡೆಗಳೆಲ್ಲ ಬಿದ್ದುಹೋಗುತ್ತವೆ, ಮತ್ತೆ ಉಜ್ಜುವುದರಿಂದ ಶುರು ಮಾಡಬೇಕು. ಒಣಗಿದ ಮೈಗೆ ಅಸಿಟೋನ್ ಸುರಿದು, ಸೆಲ್ಯುಲೋಸ್ ಅಸಿಟೇಟ್ ಹಾಳೆಯನ್ನು ಒಂದು ಅಂಚಿನಿಂದ ಬಾಗಿಸುತ್ತಾ ಹಾಸಿ. ಒಮ್ಮೆಲೇ ಹಾಕಿದರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ಸುಲಿಯಿರಿ. ಹೀಗೆ ಉಜ್ಜಿ, ತೊಳೆದು, ಸುಲಿದು ಸಾಲಾಗಿ ಹಾಳೆ ತೆಗೆಯುತ್ತಾ ಹೋದರೆ ಶಂಕುವಿನ ಒಳಗೆ ಬುಡದಿಂದ ತುದಿಗೆ ನಡೆದುಹೋದಂತೆ. ಬೀಜಕ ಬಿಡಿಯಾಗಿ ಬೇಕಾದರೆ ಹಾಳೆಯಲ್ಲಿ ಚೀಲವಿರುವ ಜಾಗವನ್ನು ಕತ್ತರಿಸಿ ಅಸಿಟೋನಿನಲ್ಲಿ ಕರಗಿಸಿ.

ಪ್ರಶ್ನೆ: ಹೆಸರು ಮಾನ್ಯವಾಗಲು ಏನೇನು ಬೇಕು? ವಿವರಣೆಯನ್ನು ಕನ್ನಡದಲ್ಲಿ ಬರೆದು ಪ್ರಕಟಿಸಿದರೆ ಸಾಲದೇ?

ಉತ್ತರ: ಲೇಖನವನ್ನು ಕನ್ನಡದಲ್ಲಿ ಬರೆಯಬಹುದು, ಬರೆಯಬೇಕು ಕೂಡ. ಆದರೆ ಪಾಚಿ, ಶಿಲೀಂಧ್ರ, ಸಸ್ಯಗಳ ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯ ಪ್ರಕಾರ, 1996ರ ಜನವರಿ 1ರಿಂದ ಪಳೆಯುಳಿಕೆ ಸಸ್ಯದ ಹೊಸ ಹೆಸರಿಗೆ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ವಿವರಣೆ ಇಲ್ಲವೇ ಲಕ್ಷಣಸಾರ ಜೊತೆಗಿರಲೇಬೇಕು. ಕನ್ನಡ ಲೇಖನದೊಳಗೆ ಅಷ್ಟು ಭಾಗ ಇಂಗ್ಲಿಷಿನಲ್ಲಿದ್ದರೆ ಈ ನಿಯಮ ಪೂರೈಸಿದಂತೆ. ಲಕ್ಷಣಸಾರ ಅಂದರೆ ಈ ಪ್ರಭೇದವನ್ನು ಉಳಿದವುಗಳಿಂದ ಬೇರೆ ಮಾಡುವ ಗುಣಗಳು ಮಾತ್ರ. ಐದಾರು ಸಾಲು ಮೀರಬಾರದು. ಊಹೆಗೆ ಅಲ್ಲಿ ಜಾಗವಿಲ್ಲ.

ಹೋಲೋಟೈಪ್ ಒಂದೇ ಮಾದರಿಯಾಗಿರಬೇಕು, ಮಾದರಿ ಎಂದರೆ ಕಲ್ಲೇ ಹೊರತು ಅದರ ಚಿತ್ರವಲ್ಲ. ಅದು ಹೋಲೋಟೈಪ್ ಎಂದು ಪದ ಬಳಸಿಯೇ ಹೇಳಬೇಕು, ಯಾವ ಸಂಸ್ಥೆಯ ಸಂಗ್ರಹದಲ್ಲಿದೆ ಎಂದೂ ಬರೆಯಬೇಕು. ಈ ಎರಡೂ 1990ರಿಂದ ಕಡ್ಡಾಯ. ಚಿತ್ರ ಬೇಕು, ಮತ್ತು 2001ರಿಂದ ಚಿತ್ರಗಳಲ್ಲಿ ಒಂದಾದರೂ ಹೋಲೋಟೈಪಿನದು ಎಂದು ಗುರುತಿಸಿರಬೇಕು. ಯಾವ ಶಂಕುವಿನಿಂದ ಬೀಜಕ ತೆಗೆದಿರೋ ಅದನ್ನೇ ಹೋಲೋಟೈಪ್ ಮಾಡಿ. ನೋಡಲು ಚೆಂದದ ಬೇರೆ ಶಂಕುವನ್ನು ಆರಿಸಿದರೆ, ಮುಂದೆ ಎರಡೂ ಬೇರೆ ಪ್ರಭೇದ ಎಂದು ಗೊತ್ತಾದ ದಿನ ನಿಮ್ಮ ಹೆಸರು ಬೀಜಕವಿಲ್ಲದ ಶಂಕುವಿನ ಜೊತೆ ಹೋಗುತ್ತದೆ. ಎರಡು ಹೋಳು, ಸ್ಲೈಡ್, ಸ್ಟಬ್, ಪೀಲ್ ಹಾಳೆ ಎಲ್ಲಕ್ಕೂ ಒಂದೇ ಸಂಖ್ಯೆ ಕೊಟ್ಟು, ಮುಂದೆ ಅಕ್ಷರ ಸೇರಿಸಿ. ಚಿತ್ರಿಸಿದ ಬೀಜಕ ಸ್ಲೈಡಿನ ಯಾವ ಮೂಲೆಯಲ್ಲಿದೆ ಎಂದು ಇಂಗ್ಲೆಂಡ್ ಫೈಂಡರ್ (ಅಂಕೆ ಹಾಕಿದ ಚೌಕಗಳಿರುವ ಸ್ಲೈಡ್) ಗಾಜಿನ ಅಂಕೆಯಲ್ಲಿ ಬರೆಯಿರಿ. 30 ಮೈಕ್ರೊಮೀಟರಿನ ವಸ್ತುವನ್ನು ಸ್ಲೈಡಿನಲ್ಲಿ ಮತ್ತೆ ಹುಡುಕುವುದು ಇಲ್ಲದಿದ್ದರೆ ದಿನಗಟ್ಟಲೆಯ ಕೆಲಸ.

ಹೆಸರಿನ ವ್ಯಾಕರಣವನ್ನೂ ನೋಡಿ. ‘ಐಟಿಸ್’ ಎಂದು ಮುಗಿಯುವ ಕುಲನಾಮ ಪುಲ್ಲಿಂಗ, ಲೆಪಿಡೊಸ್ಟ್ರೋಬಸ್ ಕೂಡ ಪುಲ್ಲಿಂಗ, ಕ್ಯಾಲಮೊಸ್ಟಾಕಿಸ್ ಸ್ತ್ರೀಲಿಂಗ. ಪ್ರಭೇದದ ವಿಶೇಷಣ ಅದಕ್ಕೆ ಹೊಂದಬೇಕು. ಪತ್ರಿಕೆ ಅಂತರಜಾಲದಲ್ಲಿ ಮಾತ್ರ ಬರುವುದಾದರೆ ಪಿಡಿಎಫ್ ರೂಪದಲ್ಲಿದ್ದು ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ ಇರಬೇಕು. ವಿವರಣೆಯಿಲ್ಲದೆ ಸಮ್ಮೇಳನದ ಸಾರಾಂಶದಲ್ಲಿ ಹೊಸ ಹೆಸರನ್ನು ಅಚ್ಚು ಹಾಕಿಸಬೇಡಿ. ಅದು ಬರಿಯ ಹೆಸರಾಗಿ ಉಳಿದು ಗೊಂದಲ ಮಾಡುತ್ತದೆ.

ಪ್ರಶ್ನೆ: ಕಪಾಟಿನಲ್ಲಿಟ್ಟ ಶಂಕುವಿನ ಮೇಲೆ ಬಿಳಿ ಪುಡಿ ಬರುತ್ತಿದೆ, ಗಂಧಕದ ವಾಸನೆ ಇದೆ. ಏನು ಮಾಡಲಿ?

ಉತ್ತರ: ಕಲ್ಲಿನೊಳಗಿನ ಪೈರೈಟ್ ಗಾಳಿ ಮತ್ತು ತೇವಕ್ಕೆ ಸಿಕ್ಕಿ ಕೊಳೆಯುತ್ತಿದೆ. ಆಗ ಹುಟ್ಟುವ ಸಲ್ಫ್ಯೂರಿಕ್ ಆಮ್ಲ ಚೀಟಿ, ಡಬ್ಬಿಗಳನ್ನೂ ಪಕ್ಕದ ಮಾದರಿಗಳನ್ನೂ ತಿನ್ನುತ್ತದೆ. ಇಂದೇ ಅದನ್ನು ಬೇರೆ ಇಡಿ, ಫೋಟೊ ತೆಗೆಯಿರಿ, ಚೀಟಿಯ ಬರಹವನ್ನು ನಕಲು ಮಾಡಿಕೊಳ್ಳಿ. ನೀರಿನಲ್ಲಿ ತೊಳೆಯಬೇಡಿ. ಒಣ ಬ್ರಷ್ಷಿನಿಂದ ಪುಡಿ ತೆಗೆದು, ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಡಬ್ಬಿಗೆ ಹಾಕಿ, ಮ್ಯೂಸಿಯಂನ ಸಂರಕ್ಷಣಾ ವಿಭಾಗಕ್ಕೆ ತಿಳಿಸಿ. ಆಮ್ಲವನ್ನು ತಟಸ್ಥಗೊಳಿಸುವ ಚಿಕಿತ್ಸೆ ಅವರೇ ಮಾಡಬೇಕಾದದ್ದು. ಬೀಜಕ ಇನ್ನೂ ತೆಗೆದಿಲ್ಲದಿದ್ದರೆ ಆ ಚಿಕಿತ್ಸೆಗೆ ಮೊದಲೇ ಬುಡ, ನಡು, ತುದಿಯಿಂದ ಒಂದೊಂದು ಚೂರು ತೆಗೆದಿಟ್ಟುಕೊಳ್ಳಿ.